ಡೇರಿಗೆ ಆಗುವ ಹಾಲು ಧಾರೆಗೆ ಏಕೆ ಆಗಬಾರದು?

ಪ್ರಶ್ನೆ: ನನಗೆ ನಲವತ್ತೇಳು ವರ್ಷ. ಯಜಮಾನರು ಹೃದಯಾಘಾತದಿಂದ ತೀರಿಕೊಂಡು ನಾಲ್ಕು ವರ್ಷವಾಯಿತು. ಎರಡು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಮಗಳನ್ನು ಬಿ.ಕಾಂ. ಓದಿಸಿದೆ. ಈಗ ಅವಳ ಮದುವೆ ಗೊತ್ತಾಗಿದೆ. ಧಾರೆಗೆ ಭಾವ ಮತ್ತು ಓರಗಿತ್ತಿ ನಿಲ್ಲಲಿ ಎಂದು ಮನೆಯವರು ತೀರ್ಮಾನ ಮಾಡಿದ್ದಾರೆ. "ಒಳ್ಳೇ ಕಾರ್ಯದಲ್ಲಿ ನೀನು ಮುಂದಕ್ಕೆ ಬರಬೇಡ, ಅಡುಗೆ ಕಡೆ ನೋಡ್ಕೊ" ಎಂದರು ಅತ್ತೆ. ನಾನು ಚಿಕ್ಕಂದಿನಿಂದ ಸೋಬಾನೆ ಪದ ಹಾಡಿಕೊಂಡು ಬಂದವಳು. ಸುತ್ತಲ ಊರಿನವರೆಲ್ಲ ಮದುವೆಗೆ ಕರೆಯುತ್ತಿದ್ದರು. ಯಜಮಾನರು ಹೋದ ಮೇಲೆ ಯಾರೂ ಕರೆಯುವುದಿಲ್ಲ. "ನೀನು ಧಾರೆ ಎರೆಯದಿದ್ರೆ ರಿಜಿಸ್ಟರ್ ಆಫೀಸಲ್ಲೇ ಮದುವೆ ಆಗ್ತೀನಿ" ಎಂದು ಮಗಳು ಹಟ ಹಿಡಿದಿದ್ದಾಳೆ. ನನಗೂ ಆಸೆ ಇದೆ. ಆದರೆ ನನ್ನ ಕೈಯಿಂದ ಅವಳಿಗೆ ಏನಾದರೂ ಕೆಟ್ಟದಾದರೆ ಎಂಬ ಭಯವೂ ಇದೆ. ಏನು ಮಾಡಲಿ?
– ಹೆಸರು ಬೇಡ, ಮದ್ದೂರು ತಾಲ್ಲೂಕು

ಅಕ್ಕಾ, ಧಾರೆ ನೀವೇ ಎರೆಯಿರಿ. ಅದಕ್ಕೆ ದಾರಿ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಭಯದ ಮಾತು. ಅತ್ತೆ, ಭಾವ, ಊರಿನವರು ಹೇಗೋ ಒಪ್ಪಿಬಿಟ್ಟರೂ ಆ ಭಯ ಇರುವ ತನಕ ಚೊಂಬು ಹಿಡಿದ ನಿಮ್ಮ ಕೈ ನಡುಗುತ್ತದೆ.

ಹೃದಯದ ರಕ್ತನಾಳ ಕಟ್ಟಿಕೊಂಡು ಯಜಮಾನರು ಹೋದರು. ನಿಮ್ಮ ಕಾಲ್ಗುಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಧಾರೆಗೆ ದಂಪತಿಯೇ ಬೇಕೆಂದು ಹೆಂಡತಿ ಇಲ್ಲದ ಗಂಡಸರನ್ನೂ ಕೆಲವು ಮನೆಗಳಲ್ಲಿ ಪಕ್ಕಕ್ಕೆ ಸರಿಸುತ್ತಾರೆ, ನಿಜ. ಆದರೆ ಅವರನ್ನು ಯಾರೂ ಅಡುಗೆ ಕಡೆಗೆ ಕಳಿಸುವುದಿಲ್ಲ. ಅವರು ಚಪ್ಪರದ ಬಾಗಿಲಲ್ಲೇ ನಿಂತು ಬೀಗರನ್ನು ಎದುರುಗೊಳ್ಳುತ್ತಾರೆ. ಅವರ ನೆರಳು ಬಿದ್ದರೆ ಕೆಡುಕು ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಆ ಮಾತು ಹೆಂಗಸಿಗೆ ಮಾತ್ರ ಮೀಸಲು. ನಾಲ್ಕು ವರ್ಷ ಅದನ್ನೇ ಕೇಳಿ ಕೇಳಿ ಈಗ ನೀವೇ ನಿಮಗೆ ಹೇಳಿಕೊಳ್ಳುತ್ತಿದ್ದೀರಿ.

ನಮ್ಮ ಕಡೆ ಧಾರೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಹುಡುಗ ಹುಡುಗಿಯ ಕೈ ಜೋಡಿಸಿ, ಮೇಲೊಂದು ತೆಂಗಿನಕಾಯಿ ಇಟ್ಟು, ಕೆಳಗೊಂದು ಪಾತ್ರೆ ಹಿಡಿದು, ಹೆತ್ತವರು ಮೊದಲು ಹಾಲು ಬಿಡುತ್ತಾರೆ. ಆಮೇಲೆ ಸಾಲುಗಟ್ಟಿ ನಿಂತ ನೆಂಟರು, ಇಷ್ಟರು, ಪಕ್ಕದೂರಿನ ಪರಿಚಯದವರು ಒಬ್ಬೊಬ್ಬರಾಗಿ ಬಂದು ಒಂದಿಷ್ಟು ಹಾಲು ಎರೆದು, ಮುಯ್ಯಿ ಕೊಟ್ಟು, ಫೋಟೊಗೆ ನಿಂತು ಊಟಕ್ಕೆ ಹೋಗುತ್ತಾರೆ. ಹುಡುಗಿಯ ಹೆಸರೂ ಗೊತ್ತಿಲ್ಲದವರು ಅವರಲ್ಲಿ ಎಷ್ಟೋ ಜನ. ಅವರೆಲ್ಲ ಎರೆಯಬಹುದು, ಹೆತ್ತ ತಾಯಿ ಎರೆಯಬಾರದು ಎಂದರೆ ಅದನ್ನು ಶಾಸ್ತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ. ದಿನಾ ಬೆಳಿಗ್ಗೆ ನೀವು ಕರೆದ ಹಾಲು ಡೇರಿಯಲ್ಲಿ ಊರಿನವರ ಹಾಲಿನ ಜೊತೆ ಸೇರಿ ಗೆಜ್ಜಲಗೆರೆಯ ಮನ್‌ಮುಲ್‌ಗೆ, ಅಂದರೆ ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟಕ್ಕೆ, ಹೋಗುತ್ತದೆ. ಅಲ್ಲಿಂದ ಅದು ಯಾವ ಮಗುವಿನ ಲೋಟಕ್ಕೆ ಬಿತ್ತೋ, ಯಾವ ದೇವರ ಅಭಿಷೇಕಕ್ಕೆ ಹೋಯಿತೋ, ಕರೆದವಳ ಹಣೆಯಲ್ಲಿ ಕುಂಕುಮ ಇತ್ತೇ ಎಂದು ಯಾರು ಕೇಳಿದರು? ಆ ಹಾಲಿನ ಬಟವಾಡೆ ದುಡ್ಡಿನಲ್ಲೇ ಅಲ್ಲವೇ ಮಗಳು ಓದಿದ್ದು.

ಹೀಗೆಂದು ನಮ್ಮ ಆಚಾರಗಳನ್ನೆಲ್ಲ ಕಟ್ಟಿ ಎಸೆಯಿರಿ ಎನ್ನಲಾರೆ. ನಿಮಗೆ ದನಿ ಕೊಟ್ಟಿದ್ದೂ ಇದೇ ಮದುವೆ ಮನೆ. ವರ್ಷವಿಡೀ ಮಾವನ ಎದುರು ತಲೆ ಎತ್ತದ ಸೊಸೆ ಹಸೆಯ ಮುಂದೆ ಕೂತು ಪದ ಎತ್ತಿದಳೆಂದರೆ ಬೀಗರ ಜಿಪುಣತನ, ಮದುಮಗನ ಮೀಸೆ, ಬೀಗಿತ್ತಿಯ ಬಿಂಕ ಯಾವುದನ್ನೂ ಬಿಡುವುದಿಲ್ಲ. ಎಲ್ಲರೂ ನಕ್ಕು ಕೇಳುತ್ತಾರೆ. ಮಾರನೇ ದಿನ ಅದಕ್ಕಾಗಿ ಯಾರೂ ಅವಳನ್ನು ದಬಾಯಿಸುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ರಾತ್ರಿಯಿಡೀ ಹಾಡುವಷ್ಟು ಪದ ನೆನಪಿಟ್ಟು, ತಾಯಿಂದ ಮಗಳಿಗೆ ದಾಟಿಸಿ, ಸುತ್ತೇಳು ಹಳ್ಳಿಗೆ ಹೆಸರಾದದ್ದು ಈ ಸಂಪ್ರದಾಯದ ಒಳಗೇ. ಬೇರೆ ಎಲ್ಲೂ ಹೇಳಿಕೊಳ್ಳಲಾಗದ ತವರಿನ ಹಂಬಲ, ಅತ್ತೆಮನೆಯ ಸಂಕಟ ಬೀಸುವ ಕಲ್ಲಿನ ಪದದಲ್ಲಿ ಹೊರಬಂತು. ಬಾಯಿಗೆ ಅಷ್ಟು ಸಲಿಗೆ ಕೊಟ್ಟ ಊರೇ ತಾಳಿ ಕಳಚಿದ ಮಾರನೇ ದಿನ ಅದನ್ನು ಮುಚ್ಚಿಸಿತಲ್ಲ, ನನಗೆ ಬಹಳ ನೋವಾಗುವುದು ಅಲ್ಲಿ. ಪದ ಕಲಿತಾಗ ನಿಮಗೆ ಮದುವೆಯೇ ಆಗಿರಲಿಲ್ಲ. ಗಂಡ ಬರುವ ಮುಂಚೆ ಬಂದದ್ದು ಗಂಡನ ಹಿಂದೆ ಹೋಗಬೇಕಾಗಿಲ್ಲ.

"ನಮ್ಮ ಹಿರಿಯರ ಕಾಲದಿಂದ ಹೀಗೇ ಬಂದಿದೆ" ಎಂದು ಯಾರಾದರೂ ಹೇಳಿದರೆ ಈ ಸೀಮೆಯದೇ ಒಂದು ಕಥೆ ಹೇಳಿ. 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಆ ವಿಧವೆ ತಾಯಿಯೇ 1902ರವರೆಗೆ ಮೈಸೂರು ರಾಜ್ಯದ ಆಡಳಿತ ನಡೆಸಿದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಕಾಲದಲ್ಲಿ. 1900ರಲ್ಲಿ ಮಗನ ಮದುವೆ ನಡೆದದ್ದೂ ಅವರ ಕಾಲದಲ್ಲೇ. ಆ ಮಗ ಕೆಟ್ಟುಹೋಗಲಿಲ್ಲ. ನಾಲ್ವಡಿ ಎಂದು ನಮ್ಮ ಮಂಡ್ಯದ ಮನೆಮನೆಯಲ್ಲಿ ಫೋಟೊ ಇಟ್ಟು ಕೈಮುಗಿಯುತ್ತಾರಲ್ಲ, ಅವರೇ.

ರಾಣಿಗೆ ಅಧಿಕಾರ ಇತ್ತು, ನಮ್ಮಂಥವರ ಮಾತು ಯಾರು ಕೇಳುತ್ತಾರೆ ಎನ್ನಬಹುದು. ಸರಿ, ರಾಣಿಯನ್ನು ಬಿಡಿ. ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಊರಿನ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ಮುಂದೆ ಬೇಡ ಎಂದು ಠರಾವು ಮಾಡಿತು. ಕಬ್ಬು ಬೆಳೆಯುವ, ನಮ್ಮಂಥದೇ ಜನರ ಸೀಮೆ ಅದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಹಾಗೆ ಮಾಡಲಿ ಎಂದು ಸುತ್ತೋಲೆ ಹೊರಡಿಸಿತು. ಕಟ್ಟಳೆ ಮಾಡಿದವರೂ ಊರಿನವರೇ, ಬಿಟ್ಟವರೂ ಊರಿನವರೇ.

ಇನ್ನು ನಿಮ್ಮ ಮನೆಯ ವಿಚಾರ. ಮೊದಲು ಓರಗಿತ್ತಿಯ ಹತ್ತಿರ ಮಾತಾಡಿ, ಭಾವನ ಹತ್ತಿರ ಆಮೇಲೆ. "ನೀವು ಬೇಡ" ಅನ್ನಬೇಡಿ. "ಅಕ್ಕಾ, ಮೊದಲು ನಾನು ಎರೀತೀನಿ, ಪಕ್ಕದಲ್ಲಿ ನೀವಿಬ್ಬರೂ ಇರಿ" ಎನ್ನಿ. ಈ ನಾಲ್ಕು ವರ್ಷದಲ್ಲಿ ಅವರೂ ನಿಮಗೆ ಆಗಿಬಂದಿರುತ್ತಾರೆ. ಮದುವೆ ಮನೆಯಲ್ಲಿ ಅವರಿಗೆ ಮುಖಭಂಗ ಆಗುವುದು ಬೇಡ.

ಅತ್ತೆಯವರ ಯಜಮಾನರು ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ, ಆ ತಾಯಿಯೂ ಎಷ್ಟೋ ಮದುವೆಗಳಲ್ಲಿ ಒಳಗೇ ಕೂತು ದಿನ ಕಳೆದವರು. ತಮ್ಮ ಮೇಲೆ ಬಿದ್ದದ್ದನ್ನೇ ನಿಮಗೆ ದಾಟಿಸುತ್ತಿದ್ದಾರೆ. ಅವರ ಜೊತೆ ವಾದಕ್ಕೆ ನಿಲ್ಲಬೇಡಿ. ಅರಿಶಿನ ಶಾಸ್ತ್ರದ ದಿನ ಮೊಮ್ಮಗಳೇ ಹೋಗಿ ಅಜ್ಜಿಯ ಕೈ ಹಿಡಿದು ಕರೆತರಲಿ, ಮೊದಲ ಅರಿಶಿನ ಅಜ್ಜಿಯೇ ಹಚ್ಚಲಿ. ತಮ್ಮನ್ನೂ ಕರೆದರು ಎಂದು ಗೊತ್ತಾದ ಮೇಲೆ ನಿಮ್ಮನ್ನು ತಡೆಯುವುದು ಅವರಿಗೆ ಕಷ್ಟವಾಗುತ್ತದೆ.

ಪುರೋಹಿತರನ್ನು ಈಗಲೇ ಕೇಳಿ. ಒಪ್ಪುವವರು ಮೈಸೂರು, ಮಂಡ್ಯ ಎರಡೂ ಕಡೆ ಸಿಗುತ್ತಾರೆ. ಕಾನೂನಿನ ಭಯ ಬೇಡ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಎರಡರಲ್ಲಿ ಒಂದು ಕಡೆಯವರ ರೂಢಿಯಂತೆ ಮದುವೆ ನಡೆದರೆ ಸಾಕು ಎನ್ನುತ್ತದೆ. ಧಾರೆ ಮುತ್ತೈದೆಯೇ ಎರೆಯಬೇಕೆಂದು ಅದರಲ್ಲಿ ಎಲ್ಲೂ ಇಲ್ಲ.

ಮಗಳ ಹಟ ನನಗೆ ತುಂಬ ಹಿಡಿಸಿತು. ಆದರೂ ರಿಜಿಸ್ಟರ್ ಆಫೀಸಿನ ಮಾತನ್ನು ಕೊನೆಗೆ ಇಟ್ಟುಕೊಳ್ಳಲಿ. ಅಲ್ಲಿಗೆ ಹೋದರೆ ಅಮ್ಮನ ಪದ ಕೇಳುವುದು ತಪ್ಪಿಹೋಗುತ್ತದೆ. ಯಾರೂ ಬಗ್ಗದಿದ್ದರೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಇದೆ. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಅವರು ಮಾಡಿಸಿದ್ದು ಹಾಗೆಯೇ. ಪುರೋಹಿತರಿಲ್ಲ, ಅದ್ದೂರಿ ಇಲ್ಲ, ಹಿರಿಯರ ಎದುರು ಪ್ರತಿಜ್ಞೆ. ಚಪ್ಪರ ಹಾಕಿ ಸೋಬಾನೆ ಹಾಡಲು ಅದರಲ್ಲಿ ಯಾರ ಅಡ್ಡಿಯೂ ಇಲ್ಲ.

ಹುಡುಗನ ಕಡೆಯವರಿಗೆ ಈ ವಾರವೇ ವಿಷಯ ತಿಳಿಸಿ. ಹುಡುಗನಿಗೆ ಮಗಳೇ ಹೇಳಲಿ, ಅವನ ಅಮ್ಮನಿಗೆ ನೀವೇ ಹೇಳಿ. ಲಗ್ನಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ಇದು ಇತ್ಯರ್ಥವಾಗಲಿ. ಪತ್ರಿಕೆಯಲ್ಲಿ ಕರೆಯುವವರ ಜಾಗದಲ್ಲಿ ನಿಮ್ಮ ಹೆಸರು ಮೊದಲು ಇರಲಿ, ಭಾವ ಮತ್ತು ಓರಗಿತ್ತಿಯ ಹೆಸರು ಅದರ ಕೆಳಗೆ. ಹಿಮ್ಮೇಳಕ್ಕೆ ನಿಮ್ಮ ಜೊತೆ ಹಾಡುತ್ತಿದ್ದ ಹೆಂಗಸರಿಗೆ ಮೊದಲ ಪತ್ರಿಕೆ ನೀವೇ ಕೊಟ್ಟು ಬನ್ನಿ.