ಮೈಲ್ಸ್ ಟಿಕೆಟ್ಟಿಗೆ 32 ಸಾವಿರ ಯಾಕೆ ಕೊಡಬೇಕು?

ಬೇಸಿಗೆ ರಜೆಗೆ ಮಕ್ಕಳನ್ನು ನೋಡಲು ಹೊರಡುವವರ ಪ್ರಶ್ನೆಗಳು ಬರತೊಡಗಿವೆ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಎಲ್ಲಿಂದ ಬಂದರೂ ಹೆಚ್ಚಿನವು ಒಂದೇ ವಿಷಯದ ಸುತ್ತ ತಿರುಗುತ್ತವೆ. ಮೈಲ್ಸ್ ಅಂದರೆ ವಿಮಾನ ಕಂಪನಿಯ ಪಾಯಿಂಟ್, ಅದನ್ನು ಕೊಟ್ಟು ಟಿಕೆಟ್ ತಗೊಳ್ಳಬಹುದು. ಕಾರ್ಡಿನ ಪಾಯಿಂಟನ್ನು ಮೈಲ್ಸ್ ಮಾಡುವುದು ಹೇಗೆ ಅಂತ ಮತ್ತೆ ಬರೆಯುವುದಿಲ್ಲ. ಅದು ನಿಮ್ಮ ಬ್ಯಾಂಕಿನ ಆಪ್‌ನಲ್ಲೇ ಇದೆ.

ಪ್ರಶ್ನೆ: ಮಗ ಲಂಡನ್ನಿನಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಹೋಗಿ ಬರಬೇಕು ಅಂತಿದ್ದೇನೆ. ತೋಟದ ಗೊಬ್ಬರ, ಮನೆ ಸಾಮಾನು ಎಲ್ಲ ಕ್ರೆಡಿಟ್ ಕಾರ್ಡ್‌ನಲ್ಲೇ ತಗೊಂಡು ಪಾಯಿಂಟ್ ಕೂಡಿಟ್ಟಿದ್ದೇನೆ. ಅದರಲ್ಲಿ ಟಿಕೆಟ್ ಫ್ರೀ ಅಂದರು. ಬುಕ್ ಮಾಡಲು ಹೋದರೆ ‘ಟ್ಯಾಕ್ಸ್ ಮತ್ತು ಫೀಸ್’ ಅಂತ 32 ಸಾವಿರ ಕೇಳುತ್ತಿದೆ. ಸರ್ಕಾರ ಇಷ್ಟೊಂದು ತೆರಿಗೆ ಹಾಕುತ್ತಾ? ತಪ್ಪಿಸಲು ದಾರಿ ಇದೆಯಾ? (ಗೋಣಿಕೊಪ್ಪದ ಓದುಗರು)

ಅಕ್ಕಾ, ಅದು ಪೂರ್ತಿ ತೆರಿಗೆ ಅಲ್ಲ. ಅದರಲ್ಲಿ ದೊಡ್ಡ ಪಾಲು ವಿಮಾನ ಕಂಪನಿಗೇ ಹೋಗುತ್ತದೆ. ಎಲ್ಲವನ್ನೂ ‘ಟ್ಯಾಕ್ಸ್ ಮತ್ತು ಫೀಸ್’ ಅಂತ ಒಂದೇ ಸಾಲಿನಲ್ಲಿ ಸೇರಿಸಿ ತೋರಿಸುತ್ತಾರೆ. ಜನ ಸರ್ಕಾರವನ್ನು ಬೈದುಕೊಂಡು ದುಡ್ಡು ಕಟ್ಟಿಬಿಡುತ್ತಾರೆ. ಈ ಒಂದು ಸಾಲಿನ ಮೇಲೆ ನನಗೆ ಬಹಳ ಸಿಟ್ಟಿದೆ.

ಹಣ ಕಟ್ಟುವ ಪುಟದಲ್ಲಿ ಆ ಮೊತ್ತದ ಮೇಲೆ ಒತ್ತಿ ನೋಡಿ. ಹೆಚ್ಚಿನ ಕಡೆ ಒಳಗೊಂದು ಪಟ್ಟಿ ತೆರೆಯುತ್ತದೆ. ಸಾಲಿಗೊಂದು ಎರಡಕ್ಷರದ ಕೋಡ್ ಇರುತ್ತದೆ. ಕೆ3 ಅಂದರೆ ನಮ್ಮ ಜಿಎಸ್‌ಟಿ. ಜಿಬಿ ಅಂದರೆ ಬ್ರಿಟನ್ ಬಿಟ್ಟು ಹೊರಡುವವರಿಂದ ಅಲ್ಲಿನ ಸರ್ಕಾರ ತಗೊಳ್ಳುವ ಏರ್ ಪ್ಯಾಸೆಂಜರ್ ಡ್ಯೂಟಿ. ಯುಬಿ ಅಂದರೆ ಅಲ್ಲಿನ ವಿಮಾನ ನಿಲ್ದಾಣದ ಶುಲ್ಕ. ಇವನ್ನೆಲ್ಲ ಯಾವ ಕಂಪನಿಯಲ್ಲಿ ಹೋದರೂ ಕೊಡಲೇಬೇಕು, ಬೈದು ಪ್ರಯೋಜನವಿಲ್ಲ. ಈಗ ವೈಕ್ಯೂ ಅಥವಾ ವೈಆರ್ ಅಂತ ಇರುವ ಸಾಲು ಹುಡುಕಿ. ಕೋಡ್ ಇಲ್ಲದಿದ್ದರೆ ‘ಕ್ಯಾರಿಯರ್ ಚಾರ್ಜ್’ ಅಂತ ಇರಬಹುದು. ಅದೇ ಫ್ಯುಯೆಲ್ ಸರ್ಚಾರ್ಜ್, ಅಂದರೆ ಇಂಧನದ ಹೆಸರಿನಲ್ಲಿ ಕಂಪನಿ ಹಾಕುವ ಹೆಚ್ಚುವರಿ ಶುಲ್ಕ. ನಿಮ್ಮ 32 ಸಾವಿರದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಸಾಲಾಗಿರುತ್ತದೆ.

ಯಾಕೆ ಹೀಗೆ ಮಾಡುತ್ತಾರೆ ಅಂದರೆ, ಮೈಲ್ಸ್ ಕೊಟ್ಟಾಗ ನಿಮಗೆ ಬಿಟ್ಟುಕೊಡುವುದು ಟಿಕೆಟ್ಟಿನ ಮೂಲ ದರ ಮಾತ್ರ. ಆ ಮೂಲ ದರದಿಂದ ಒಂದು ತುಂಡು ಕಿತ್ತು ‘ಸರ್ಚಾರ್ಜ್’ ಅಂತ ಪಕ್ಕಕ್ಕಿಟ್ಟರೆ ಆಯಿತು, ಅದನ್ನು ಮೈಲ್ಸ್‌ನವರಿಂದಲೂ ನಗದಾಗಿ ವಸೂಲಿ ಮಾಡಬಹುದು. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುವವರಿಗೆ ಈ ವಿಂಗಡಣೆಯಿಂದ ಏನೂ ಆಗುವುದಿಲ್ಲ. ಅವರಿಗೆ ಒಟ್ಟು ಮೊತ್ತ ಅಷ್ಟೇ. ಪೆಟ್ಟು ಬೀಳುವುದು ವರ್ಷಗಟ್ಟಲೆ ಪಾಯಿಂಟ್ ಕೂಡಿಟ್ಟ ನಿಮ್ಮಂಥವರಿಗೆ.

ಎಣ್ಣೆ ಬೆಲೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ, ಶುರುವಾದದ್ದು ಅದರಿಂದಲೇ. 2004ರಲ್ಲಿ ಕಚ್ಚಾ ತೈಲ ಏರತೊಡಗಿದಾಗ ಒಂದೊಂದೇ ಕಂಪನಿ ಸರ್ಚಾರ್ಜ್ ತಂದಿತು. ಆದರೆ ಲಾರಿಯವರು ಡೀಸೆಲ್ ಏರಿದಾಗ ಬಾಡಿಗೆ ಏರಿಸಿ, ಇಳಿದಾಗ ಸುಮ್ಮನಿರುತ್ತಾರಲ್ಲ, ಇಲ್ಲೂ ಹಾಗೇ ಆಯಿತು. 2004ರ ಆಗಸ್ಟ್‌ನಿಂದ 2006ರ ಜನವರಿ ನಡುವೆ ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್‌ನ ದೂರದ ಪ್ರಯಾಣಕ್ಕೆ, ಹೋಗಿ ಬರುವ ಟಿಕೆಟ್ಟಿನ ಸರ್ಚಾರ್ಜ್ 5 ಪೌಂಡ್‌ನಿಂದ 60 ಪೌಂಡ್‌ಗೆ ಏರಿತು. ಇವೆರಡೂ ಆ ವಿಷಯದಲ್ಲಿ ಒಳಗೊಳಗೇ ಮಾತಾಡಿಕೊಂಡಿದ್ದವು ಅಂತ ಆಮೇಲೆ ಹೊರಬಿತ್ತು. 2007ರಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ ಬ್ರಿಟನ್‌ನಲ್ಲಿ 12.15 ಕೋಟಿ ಪೌಂಡ್, ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡ ಬಿತ್ತು. ಬ್ರಿಟನ್‌ನ ದಂಡ ಮುಂದೆ 5.85 ಕೋಟಿ ಪೌಂಡ್‌ಗೆ ಇಳಿಯಿತು. ವರ್ಜಿನ್ ತಾನೇ ಮುಂದೆ ಬಂದು ವಿಷಯ ಹೇಳಿದ್ದರಿಂದ ದಂಡ ತಪ್ಪಿಸಿಕೊಂಡಿತು.

2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಬ್ರೆಂಟ್ ಅನ್ನುವ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಂತು. ಸರ್ಚಾರ್ಜ್ ಮಾಯವಾಯಿತಾ? ಇಲ್ಲ. ಸುಮಾರು ಕಂಪನಿಗಳು ಹೆಸರಿನಿಂದ ‘ಫ್ಯುಯೆಲ್’ ತೆಗೆದು ‘ಕ್ಯಾರಿಯರ್’ ಅಂತ ಹಾಕಿಕೊಂಡವು. ಜಪಾನಿನ ಎರಡು ದೊಡ್ಡ ಕಂಪನಿಗಳು, ಜಾಲ್ ಮತ್ತು ಎಎನ್‌ಎ, ಎರಡು ತಿಂಗಳಿಗೊಮ್ಮೆ ವಿಮಾನ ಇಂಧನದ ಬೆಲೆ ನೋಡಿ ಪಟ್ಟಿ ಪ್ರಕಟಿಸುತ್ತವೆ. 2016ರ ಏಪ್ರಿಲ್‌ನಲ್ಲಿ ಅವರ ಸರ್ಚಾರ್ಜ್ ಸೊನ್ನೆಗೂ ಇಳಿದಿತ್ತು. ನಮ್ಮ ಇಂಡಿಗೋ ಕೂಡ 2023ರ ಅಕ್ಟೋಬರ್‌ನಲ್ಲಿ ದೂರಕ್ಕೆ ತಕ್ಕಂತೆ 300ರಿಂದ 1,000 ರೂಪಾಯಿವರೆಗೆ ಇಂಧನ ಶುಲ್ಕ ತಂದು, 2024ರ ಜನವರಿಯಲ್ಲಿ ತೆಗೆದುಹಾಕಿತು. ಅಂದರೆ ಮನಸ್ಸಿದ್ದರೆ ಇಳಿಸಬಹುದು.

ಈಗ ತಪ್ಪಿಸುವ ದಾರಿ. ಸರ್ಚಾರ್ಜ್ ಎಷ್ಟು ಅನ್ನುವುದು ನೀವು ಕೂರುವ ವಿಮಾನವನ್ನಷ್ಟೇ ಅವಲಂಬಿಸಿಲ್ಲ. ಯಾವ ಕಂಪನಿಯ ಮೈಲ್ಸ್ ಕೊಟ್ಟು ಬುಕ್ ಮಾಡುತ್ತೀರಿ ಅನ್ನುವುದರ ಮೇಲೂ ಇದೆ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ಲುಫ್ತಾನ್ಸಾ ವಿಮಾನದ ಒಂದು ಸೀಟು ತಗೊಳ್ಳಿ. ಲುಫ್ತಾನ್ಸಾದ್ದೇ ಮೈಲ್ಸ್ ಯೋಜನೆಯಾದ ‘ಮೈಲ್ಸ್ ಆಂಡ್ ಮೋರ್’‌ನಲ್ಲಿ ಬುಕ್ ಮಾಡಿದರೆ ಸರ್ಚಾರ್ಜ್ ಬೀಳುತ್ತದೆ. ಅದೇ ಸೀಟನ್ನು ಅದರ ಪಾಲುದಾರ ಏರ್ ಕೆನಡಾದ ಮೈಲ್ಸ್ ಯೋಜನೆ ಏರೋಪ್ಲಾನ್‌ನ ಪಾಯಿಂಟ್‌ನಲ್ಲಿ ತಗೊಂಡರೆ ಆ ಸಾಲು ಇರುವುದಿಲ್ಲ. ಏರೋಪ್ಲಾನ್ 2020ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಬೇರೆ ಕಂಪನಿಯ ವಿಮಾನವಾದರೆ 39 ಕೆನಡಾ ಡಾಲರ್ ಬುಕಿಂಗ್ ಶುಲ್ಕ ಇದೆ, ಅಷ್ಟೇ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಮೈಲೇಜ್‌ಪ್ಲಸ್ ಕೂಡ ಸರ್ಚಾರ್ಜ್ ಹಾಕುವುದಿಲ್ಲ. ಸಿಂಗಾಪುರ್ ಏರ್‌ಲೈನ್ಸ್ ತನ್ನದೇ ವಿಮಾನಗಳಿಗೆ 2017ರಲ್ಲಿ ತೆಗೆಯಿತು, ಬೇರೆಯವರ ವಿಮಾನಕ್ಕೆ ಇಟ್ಟುಕೊಂಡಿದೆ. ನಿಮ್ಮ ಕಾರ್ಡ್ ಯಾವ ಯಾವ ಕಡೆ ಪಾಯಿಂಟ್ ಕಳಿಸುತ್ತದೆ ಅನ್ನುವ ಪಟ್ಟಿಯನ್ನು ಮೊದಲು ನೋಡಿ.

ಮೈಲ್ಸ್ ಕಡಿಮೆ ಕೇಳಿತು ಅಂತ ಮಾತ್ರ ಹಾರಬೇಡಿ. ಒಂದು ಲೆಕ್ಕಕ್ಕೆ ಹೀಗೆ ಹಿಡಿಯಿರಿ. ಹೋಗಿ ಬರುವ ಟಿಕೆಟ್ಟಿಗೆ ದುಡ್ಡಾದರೆ 60 ಸಾವಿರ. ಒಂದು ಕಂಪನಿ ಅದಕ್ಕೆ 50 ಸಾವಿರ ಮೈಲ್ಸ್ ಜೊತೆಗೆ 32 ಸಾವಿರ ರೂಪಾಯಿ ಕೇಳುತ್ತದೆ. ಉಳಿಯುವುದು 28 ಸಾವಿರ. ಮೈಲಿಗೆ 56 ಪೈಸೆ ಸಿಕ್ಕಂತಾಯಿತು. ಇನ್ನೊಂದು ಕಂಪನಿಯಲ್ಲಿ 70 ಸಾವಿರ ಮೈಲ್ಸ್ ಜೊತೆಗೆ 12 ಸಾವಿರ ರೂಪಾಯಿ. ಉಳಿಯುವುದು 48 ಸಾವಿರ, ಮೈಲಿಗೆ ಹತ್ತಿರ ಹತ್ತಿರ 69 ಪೈಸೆ. ಮೈಲ್ಸ್ ಜಾಸ್ತಿ ಹೋದರೂ ಎರಡನೆಯದೇ ಲಾಭ ಅಲ್ವಾ? ಇದರ ಜೊತೆಗೆ, ಅದೇ ಪಾಯಿಂಟ್‌ಗೆ ಬ್ಯಾಂಕ್ ಬೇರೆ ಏನು ಕೊಡುತ್ತದೆ ಅಂತಲೂ ನೋಡಿ. ನನ್ನನ್ನು ಕೇಳಿದರೆ 60 ಪೈಸೆಗಿಂತ ಕೆಳಗೆ ಹೋದರೆ ದುಡ್ಡು ಕೊಟ್ಟೇ ಟಿಕೆಟ್ ತಗೊಳ್ಳಿ, ಮೈಲ್ಸ್ ಇಟ್ಟುಕೊಳ್ಳಿ. ಕೆಲವರಿಗೆ ಇದು ಅತಿ ಜಾಗ್ರತೆ ಅನ್ನಿಸಬಹುದು. ಇರಲಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕೇಳಿ. ಬ್ಯಾಂಕಿನಿಂದ ಪಾಯಿಂಟ್ ಒಮ್ಮೆ ವಿಮಾನ ಕಂಪನಿಗೆ ಹೋದರೆ ವಾಪಸ್ ಬರುವುದಿಲ್ಲ. ಮೊದಲು ಆ ಕಂಪನಿಯ ಸೈಟ್‌ನಲ್ಲಿ ನಿಮ್ಮ ದಿನಾಂಕಕ್ಕೆ ಸೀಟು ಹುಡುಕಿ. ಕೊನೆ ಪುಟದವರೆಗೂ ಹೋಗಿ, ನಗದು ಎಷ್ಟು ಅಂತ ಕಣ್ಣಾರೆ ನೋಡಿ. ಆಮೇಲೆ ಪಾಯಿಂಟ್ ಕಳಿಸಿ. ‘ಕಳಿಸಿಬಿಟ್ಟೆ, ಈಗ ಏನು ಮಾಡಲಿ’ ಅಂತ ಬರುವ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿಲ್ಲ. ಅಂಥವನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಲಂಡನ್ನಿನಿಂದ ವಾಪಸ್ ಬರುವಾಗಿನ ಜಿಬಿ ತೆರಿಗೆಯನ್ನು ಯಾವ ಮೈಲ್ಸ್ ಕೊಟ್ಟರೂ ತಪ್ಪಿಸಲಾಗುವುದಿಲ್ಲ. ಬಿಸಿನೆಸ್ ಕ್ಲಾಸ್ ಆದರೆ ಅದು ಎಕಾನಮಿಗಿಂತ ಎರಡು ಪಟ್ಟಿಗೂ ಮೇಲೆ. ಮೊಮ್ಮಕ್ಕಳನ್ನು ಜೊತೆಗೆ ಕರೆದುಕೊಂಡು ಬರುವುದಾದರೆ, 16 ತುಂಬದ ಮಕ್ಕಳಿಗೆ ಎಕಾನಮಿಯಲ್ಲಿ ಆ ತೆರಿಗೆ ಇಲ್ಲ. ಅವರ ಟಿಕೆಟ್‌ನಲ್ಲಿ ಜಿಬಿ ಸಾಲು ಕಂಡರೆ ಕೇಳಿ ತೆಗೆಸಿ.

ಪ್ರಶ್ನೆ: ತೈಲ ಬೆಲೆ ಇಳಿಯುತ್ತಿದೆ ಅಂತಾರೆ. ಎರಡು ತಿಂಗಳು ಕಾದರೆ ಸರ್ಚಾರ್ಜ್ ಕಡಿಮೆಯಾಗುತ್ತಾ? (ಮಡಿಕೇರಿ)

ಜಪಾನಿನ ಕಂಪನಿಗಳಲ್ಲಿ ಹೋಗುವವರು ಮುಂದಿನ ಪಟ್ಟಿ ನೋಡಿ ಕಾಯಬಹುದು. ಉಳಿದವರು ಕಾಯುತ್ತಾ ಕೂತರೆ ಸೀಟೇ ಹೋಗುತ್ತದೆ.

ಪ್ರಶ್ನೆ: ಎಮಿರೇಟ್ಸ್ ಮೈಲ್ಸ್ ಇದೆ. ನಮಗೆ ಕಣ್ಣೂರು ಹತ್ತಿರ. ಅಲ್ಲಿಂದಲೇ ದುಬೈಗೆ ಹೋಗಬಹುದಾ? (ವಿರಾಜಪೇಟೆ)

ಆಗುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣಕ್ಕೆ ವಿದೇಶಿ ಕಂಪನಿಗಳ ವಿಮಾನ ಬರಲು ನಮ್ಮ ಸರ್ಕಾರ ಒಪ್ಪಿಗೆ ಕೊಟ್ಟಿಲ್ಲ. ಬೆಂಗಳೂರಿಗೇ ಹೋಗಬೇಕು. ಹಾಗೇ, ಕಣ್ಣೂರಿನಿಂದ ಬೇರೆ ವಿಮಾನದಲ್ಲಿ ಹೋಗುವವರು ಮಳೆಗಾಲದಲ್ಲಿ, ವಿರಾಜಪೇಟೆಯಿಂದ ಅಲ್ಲಿಗೆ ಇಳಿಯುವ ಮಾಕುಟ್ಟ ಘಾಟಿ ನಂಬಿಕೊಂಡು ಕೊನೆ ಗಳಿಗೆಗೆ ಹೊರಡಬೇಡಿ. ಮೈಲ್ಸ್‌ನಲ್ಲಿ ತಗೊಂಡ ಸೀಟು ತಪ್ಪಿದರೆ ಮರುದಿನಕ್ಕೆ ಇನ್ನೊಂದು ಸಿಗುವುದು ಬಹಳ ಕಷ್ಟ. ಮುಂಚಿನ ದಿನವೇ ನಿಲ್ದಾಣವಿರುವ ಮಟ್ಟನ್ನೂರಿಗೆ ಹೋಗಿ ಉಳಿದುಕೊಳ್ಳಿ.

ಪ್ರಶ್ನೆ: ರಾತ್ರಿ 12ರ ಮೇಲೆ, ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಬುಕ್ ಮಾಡಿದರೆ ಸರ್ಚಾರ್ಜ್ ಬೀಳಲ್ಲ ಅಂತ ವಿಡಿಯೋ ನೋಡಿದೆ. (ಕುಶಾಲನಗರ)

ಸುಳ್ಳು. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬರು ಕಡಿಮೆ ಬೆಲೆಗೆ ಮೈಲ್ಸ್ ಟಿಕೆಟ್ ಮಾಡಿಕೊಡುತ್ತಾರೆ. ‘ಫ್ಯುಯೆಲ್ ಚಾರ್ಜ್ ಮಾಫಿ ಮಾಡಿಸುತ್ತೇನೆ’ ಅಂತಾರೆ. ನಂಬಬಹುದಾ? (ಸುಂಟಿಕೊಪ್ಪ)

ನಂಬಬೇಡಿ, ಆ ಗ್ರೂಪಿನಿಂದ ಇವತ್ತೇ ಹೊರಗೆ ಬನ್ನಿ. ಸರ್ಚಾರ್ಜ್ ಮಾಫಿ ಮಾಡಿಸುವ ಅಧಿಕಾರ ಯಾವ ದಲ್ಲಾಳಿಗೂ ಇಲ್ಲ. ಇವರು ಮಾಡುವುದು ಬೇರೆ ಯಾರದ್ದೋ ಖಾತೆಯ ಮೈಲ್ಸ್ ಕೊಂಡು ಅಥವಾ ಕದ್ದು ನಿಮ್ಮ ಹೆಸರಿಗೆ ಟಿಕೆಟ್ ತೆಗೆಯುವುದು. ಮೈಲ್ಸ್ ಮಾರುವುದು, ಕೊಳ್ಳುವುದು ಕಂಪನಿಗಳ ನಿಯಮಕ್ಕೆ ವಿರುದ್ಧ. ಪತ್ತೆಯಾದರೆ ಟಿಕೆಟ್ ರದ್ದು. ಹೋಗುವಾಗ ಏನೂ ಆಗದೆ, ಬರುವ ಟಿಕೆಟ್ ರದ್ದಾಗಿ ಬೇರೆ ದೇಶದಲ್ಲಿ ಸಿಕ್ಕಿಕೊಳ್ಳಬಹುದು. ಆಗ ಆ ನಂಬರ್‌ಗೆ ಫೋನ್ ಹೋಗುವುದಿಲ್ಲ. ತೋಟದ ದುಡ್ಡನ್ನು ಇಂಥವರ ಕೈಗೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಮಡಿಲ ಮಗುವಿಗೂ ಮೈಲ್ಸ್ ಟಿಕೆಟ್‌ನಲ್ಲಿ ದುಡ್ಡು ಕೊಡಬೇಕಾ? (ಪೊನ್ನಂಪೇಟೆ)

ಕೊಡಬೇಕು. ವಿದೇಶ ಪ್ರಯಾಣಕ್ಕೆ ಹಲವು ಕಂಪನಿಗಳು ದೊಡ್ಡವರ ನಗದು ದರದ 10 ಶೇಕಡಾ ಕೇಳುತ್ತವೆ. ಬಿಸಿನೆಸ್ ಕ್ಲಾಸ್ ಆದರೆ ಅದೇ ದೊಡ್ಡ ಮೊತ್ತ. ಬುಕ್ ಮಾಡುವ ಮುಂಚೆ ಕೇಳಿ.

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ಆಫರ್‌ನಲ್ಲಿ ತಗೊಂಡ ಟಿಕೆಟ್‌ನಲ್ಲಿ ಹೋಗಲಾಗಲಿಲ್ಲ. ‘ನಾನ್ ರಿಫಂಡಬಲ್’ ಅಂತ ಒಂದು ಪೈಸೆಯನ್ನೂ ಕೊಡುತ್ತಿಲ್ಲ. (ಸೋಮವಾರಪೇಟೆ)

ಮೂಲ ದರ ಮತ್ತು ಫ್ಯುಯೆಲ್ ಸರ್ಚಾರ್ಜ್ ಹೋಯಿತು ಅಂತ ಇಟ್ಟುಕೊಳ್ಳಿ. ವಿಮಾನಯಾನದ ಮೇಲುಸ್ತುವಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಕ್ಯಾನ್ಸಲ್ ಶುಲ್ಕ ಇವೆರಡನ್ನು ಸೇರಿಸಿದಷ್ಟರವರೆಗೂ ಹೋಗಬಹುದು, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಆದರೆ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಯೂಸರ್ ಡೆವಲಪ್‌ಮೆಂಟ್ ಫೀ ಮತ್ತು ಪ್ಯಾಸೆಂಜರ್ ಸರ್ವಿಸ್ ಫೀ ವಾಪಸ್ ಕೊಡಲೇಬೇಕು. ಆಫರ್ ಟಿಕೆಟ್ ಆದರೂ, ನೀವು ಕ್ಯಾನ್ಸಲ್ ಮಾಡದೆ ಸುಮ್ಮನೆ ಹೋಗದೇ ಇದ್ದರೂ ಕೊಡಬೇಕು. ಅದನ್ನು ವಾಪಸ್ ಮಾಡಲು ಬೇರೆ ಶುಲ್ಕವನ್ನೂ ಹಾಕುವಂತಿಲ್ಲ. ಫೋನ್‌ನಲ್ಲಿ ವಾದ ಮಾಡಬೇಡಿ. ಟಿಕೆಟ್ಟಿನ ಪಿಎನ್‌ಆರ್ ಹಾಕಿ, ಆ ಸಾಲುಗಳ ಮೊತ್ತ ಒಂದೊಂದಾಗಿ ಬರೆದು ಕಂಪನಿಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ, ಆ ಇಮೇಲನ್ನು ಅದಕ್ಕೆ ಲಗತ್ತಿಸಿ.