ಮಗಳ ಡಬ್ಬಿಯಿಂದ ತೆಗೆದ ದುಡ್ಡನ್ನು ಮೊದಲು ವಾಪಸ್ ಹಾಕಿ

ಎಂಟು ವರ್ಷದ ಮಗಳಿಗೂ ಹದಿಮೂರರ ಮಗನಿಗೂ ಎಷ್ಟು ಹೇಳಿದರೂ ದುಡ್ಡು ಉಳಿಸುವ ಬುದ್ಧಿ ಬರುತ್ತಿಲ್ಲ, ಕೈಗೆ ಬಂದದ್ದು ಅವತ್ತೇ ಖಾಲಿ, ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ತಿಂಗಳ ಕೊನೆಗೆ ನಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ ಎಂದೂ ಬರೆದಿದ್ದೀರಿ. ಇವೆರಡರ ನಡುವೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಇನ್ನೊಂದು ಮಾತಿದೆ: ತೀರಾ ಅಡಚಣೆಯಾದಾಗ ಎರಡು ಸಲ ಮಗಳ ಡಬ್ಬಿಯಿಂದಲೇ ತೆಗೆದುಕೊಂಡೆವು. ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ, ಏಕೆಂದರೆ ನಾನೂ ಅದನ್ನೇ ಮಾಡಿದ್ದೆ.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಒಂದು ದೊಡ್ಡ ಬಣ್ಣದ ಪೆಟ್ಟಿಗೆ ಕೊಳ್ಳಬೇಕೆಂದು ಐದು ತಿಂಗಳಿಂದ ಕೂಡಿಡುತ್ತಿದ್ದಳು. ಒಂದು ರಾತ್ರಿ ನನಗೆ ತುರ್ತಾಗಿ ದುಡ್ಡು ಬೇಕಾಯಿತು, ಅವಳು ಮಲಗಿದ್ದಳು, ಬೆಳಿಗ್ಗೆ ಹಾಕಿದರಾಯಿತು ಎಂದು ತೆಗೆದೆ. ಬೆಳಿಗ್ಗೆ ಮರೆತೆ. ಮುಂದಿನ ಭಾನುವಾರ ಅವಳು ಎಣಿಸಲು ಕೂತಾಗ ಲೆಕ್ಕ ತಾಳೆಯಾಗಲಿಲ್ಲ. ಮೂರು ಸಲ ಎಣಿಸಿದಳು. ತಾನೇ ಎಲ್ಲೋ ತಪ್ಪು ಮಾಡಿರಬೇಕು ಅಂದುಕೊಂಡು ಸುಮ್ಮನಾದಳು. ಆಗ ನಾನು ನಿಜ ಹೇಳಿದೆ. ‘ಪರವಾಗಿಲ್ಲ ಬಿಡಮ್ಮ’ ಅಂದಳು. ಆ ಹೊತ್ತಿಗೇ ದುಡ್ಡು ವಾಪಸ್ ಹಾಕಿದೆ. ಆದರೆ ಅಲ್ಲಿಂದ ಮುಂದೆ ಅವಳು ಡಬ್ಬಿಗೆ ಒಂದು ನಾಣ್ಯವನ್ನೂ ಹಾಕಲಿಲ್ಲ. ಹುಟ್ಟುಹಬ್ಬಕ್ಕೆ ಬಂದದ್ದನ್ನು ಎರಡೇ ದಿನದಲ್ಲಿ ಮುಗಿಸಿದಳು. ಶಿಸ್ತಿಲ್ಲ ಎಂದು ಬೈದೆ. ನಾನು ಗಣಿತ ಕಲಿಸುವವಳು. ಅವಳ ಲೆಕ್ಕ ಸರಿಯಾಗಿಯೇ ಇದೆ ಎಂದು ಹೊಳೆಯಲು ನನಗೆ ತಿಂಗಳುಗಳೇ ಹಿಡಿದವು. ಇಟ್ಟದ್ದು ಇಟ್ಟ ಜಾಗದಲ್ಲಿ ಇರುತ್ತದೆಂಬ ಖಾತ್ರಿಯಿಲ್ಲದವಳಿಗೆ ಇವತ್ತೇ ಖರ್ಚು ಮಾಡುವುದರಲ್ಲಿ ಲಾಭವಿದೆ.

ಇದನ್ನು ತೋರಿಸುವ ಒಂದು ಪ್ರಯೋಗವಿದೆ. ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಎಂಬ ಒಂದು ಮೆದು ಮಿಠಾಯಿ ಇಟ್ಟು ‘ನಾನು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುತ್ತೇನೆ’ ಎನ್ನುವ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಶುರುಮಾಡಿದ್ದು. ಕಾಯುವ ಮಗುವಿಗೆ ಸಂಯಮವಿದೆ, ಕಾಯದ ಮಗುವಿಗೆ ಇಲ್ಲ ಎಂದೇ ಎಲ್ಲರೂ ಅದನ್ನು ವಿವರಿಸುತ್ತಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅದಕ್ಕೆ ಒಂದು ಮುನ್ನುಡಿ ಸೇರಿಸಿದರು. 28 ಮಕ್ಕಳು, ಮೂರರಿಂದ ಐದು ವರ್ಷದವರು. ಮೊದಲು ಚಿತ್ರ ಬರೆಯಲು ಕೂರಿಸಿ, ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯ ಬಣ್ಣ ತಂದುಕೊಡುತ್ತೇವೆ ಎಂದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದರ್ಧಕ್ಕೆ ‘ತಪ್ಪಾಯಿತು, ಇಲ್ಲವಂತೆ’ ಎಂದು ಬರಿಗೈಯಲ್ಲಿ ವಾಪಸಾದರು. ಆಮೇಲೆ ಮಾರ್ಷ್‌ಮ್ಯಾಲೋ ಪರೀಕ್ಷೆ. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14 ಮಕ್ಕಳಲ್ಲಿ 9, ಎರಡನೆಯ ಗುಂಪಿನ 14ರಲ್ಲಿ ಒಂದೇ ಒಂದು.

ಆ 3 ನಿಮಿಷದ ಮಕ್ಕಳಲ್ಲಿ ನನಗೆ ನನ್ನ ಮಗಳು ಕಂಡಳು. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೆ 2018ರಲ್ಲಿ ಟೈಲರ್ ವಾಟ್ಸ್ ಮತ್ತಿಬ್ಬರು 900ಕ್ಕೂ ಹೆಚ್ಚು ಮಕ್ಕಳ ವಿವರ ಹಿಡಿದು ನೋಡಿದಾಗಲೂ, ಮಗು ಕಾಯುವುದಕ್ಕೂ ಅದರ ಮುಂದಿನ ಓದಿಗೂ ಇರುವ ನಂಟಿನ ಬಹುಭಾಗ ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಕರಗಿಹೋಯಿತು. ನಾಳೆ ಏನಾಗುತ್ತದೋ ಗೊತ್ತಿಲ್ಲದ ಮನೆಯಲ್ಲಿ ಬೆಳೆದ ಮಗು ಸಿಕ್ಕಿದ್ದನ್ನು ಈಗಲೇ ತಿಂದರೆ ಅದನ್ನು ದಡ್ಡತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಇಷ್ಟು. ಎರಡು ಸಲ ಎಷ್ಟು ತೆಗೆದಿರಿ ಎಂದು ನೆನಪು ಮಾಡಿಕೊಳ್ಳಿ. ಸರಿಯಾಗಿ ನೆನಪಿಲ್ಲದಿದ್ದರೆ ಮಗಳನ್ನೇ ಕೇಳಿ, ಅವಳಿಗೆ ಖಂಡಿತ ನೆನಪಿರುತ್ತದೆ. ಅವಳ ಎದುರಿಗೇ ಡಬ್ಬಿಗೆ ಹಾಕಿ. ‘ನಿನ್ನನ್ನು ಕೇಳದೆ ತೆಗೆದದ್ದು ತಪ್ಪು’ ಎಂದು ಬಾಯಿಬಿಟ್ಟು ಹೇಳಿ. ಒಟ್ಟಿಗೇ ಕೊಡಲು ಆಗದಿದ್ದರೆ ಎಷ್ಟು ವಾರದಲ್ಲಿ ಕೊಡುತ್ತೀರಿ ಎಂದು ಚೀಟಿ ಬರೆದು ಡಬ್ಬಿಯೊಳಗೆ ಹಾಕಿ, ಆ ವಾರಗಳನ್ನು ತಪ್ಪಿಸಬೇಡಿ. ಹನಿಗೂಡಿ ಹಳ್ಳ ಎಂದು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಆ ಹಳ್ಳದಿಂದ ದೊಡ್ಡವರು ಮೊಗೆದುಕೊಂಡದ್ದನ್ನು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ.

ಅವಳು ಏನಕ್ಕಾಗಿ ಕೂಡಿಡುತ್ತಾಳೋ ಅದನ್ನು ಕೊನೆಗೆ ಕೊಳ್ಳಲು ಬಿಡಿ. ಇದು ಬಹಳ ಮನೆಗಳಲ್ಲಿ ತಪ್ಪುವ ಜಾಗ. ಮಗು ತಿಂಗಳುಗಟ್ಟಲೆ ಉಳಿಸಿ ಗೊಂಬೆ ಬೇಕು ಎಂದಾಗ ‘ಇಷ್ಟು ದುಡ್ಡು ಗೊಂಬೆಗಾ? ಬ್ಯಾಂಕಿಗೆ ಹಾಕೋಣ’ ಎನ್ನುತ್ತೇವೆ. ಅಲ್ಲಿಗೆ ಉಳಿತಾಯವೆಂದರೆ ದುಡ್ಡು ಕಣ್ಮರೆಯಾಗುವುದು ಎಂಬ ಅರ್ಥ ಅದರ ಮನಸ್ಸಲ್ಲಿ ಕೂತುಬಿಡುತ್ತದೆ. ಎಂಟು ವರ್ಷದವಳಿಗೆ ಮೂರು ನಾಲ್ಕು ವಾರದಲ್ಲಿ ಕೈಗೆಟುಕುವ ಗುರಿ ಸಾಕು. ಒಂದು ಸಲ ಕಾದು ಕೊಂಡ ವಸ್ತು ಕೈಯಲ್ಲಿರಲಿ, ಮುಂದಿನದು ಎರಡು ತಿಂಗಳದ್ದಾಗಲಿ. ಖರ್ಚಿಗೊಂದು, ಉಳಿತಾಯಕ್ಕೊಂದು, ದಾನಕ್ಕೊಂದು ಎಂದು ಮೂರು ಡಬ್ಬಿ ಇಡಿ ಎನ್ನುವವರಿದ್ದಾರೆ. ಈ ವಯಸ್ಸಿಗೆ ಎರಡೇ ಸಾಕು ಎಂಬುದು ನನ್ನ ಅಭಿಪ್ರಾಯ. ಡಬ್ಬಿ ಪಾರದರ್ಶಕವಾಗಿರಲಿ, ಏರುವುದು ಕಣ್ಣಿಗೆ ಕಾಣಬೇಕು.

ಬಡ್ಡಿಯ ವಿಷಯವನ್ನು ನಾನು ಅಂಗಿಯ ಗುಂಡಿಗಳಿಂದ ಕಲಿಸಿದೆ. 10 ಗುಂಡಿ ಒಂದು ಬಟ್ಟಲಿನಲ್ಲಿಡಿ. ವಾರಕ್ಕೊಮ್ಮೆ, ಬಟ್ಟಲಿನಲ್ಲಿರುವ ಪ್ರತಿ ಪೂರ್ತಿ ಹತ್ತಕ್ಕೆ ಒಂದರಂತೆ ನೀವು ಸೇರಿಸುತ್ತೀರಿ. ಅವಳು ಮುಟ್ಟಬಾರದು, ಅಷ್ಟೇ ನಿಯಮ. 10ರಿಂದ 20 ಆಗಲು ಹತ್ತು ವಾರ ಹಿಡಿಯುತ್ತದೆ, ಬೇಜಾರೂ ಆಗುತ್ತದೆ. 20ರಿಂದ 30ಕ್ಕೆ ಐದೇ ವಾರ. 30ರಿಂದ 40 ದಾಟಲು ನಾಲ್ಕು. ಅಲ್ಲಿಂದ 50 ಮುಟ್ಟಲು ಎರಡು. ಹದಿನಾರನೇ ವಾರದ ಹೊತ್ತಿಗೆ ನನ್ನ ಮಗಳು ‘ಅಮ್ಮ, ನೀನು ಹಾಕಿದ ಗುಂಡಿಗಳಿಗೂ ಈಗ ಗುಂಡಿ ಕೊಡ್ತಿದ್ದೀಯಲ್ಲ!’ ಎಂದಳು. ಚಕ್ರಬಡ್ಡಿಯ ಅರ್ಥ ಅದಕ್ಕಿಂತ ಚೆನ್ನಾಗಿ ಹೇಳಿದ ವಿದ್ಯಾರ್ಥಿಯನ್ನು ನಾನು ತರಗತಿಯಲ್ಲಿ ಕಂಡಿಲ್ಲ. ಅವಸರಪಟ್ಟು ದಿನಕ್ಕೊಂದು ‘ವಾರ’ ಮಾಡಿ ಆಡಿಸಬೇಡಿ. ಆ ಮೊದಲ ಹತ್ತು ವಾರಗಳ ಬೇಜಾರನ್ನು ದಾಟಿದ್ದರಿಂದಲೇ ಮುಂದಿನ ವೇಗ ಅವಳಿಗೆ ಬೆರಗಾಗಿ ಕಂಡದ್ದು.

ಮಗನಿಗೆ ಇದನ್ನೇ 72ರ ಲೆಕ್ಕದಲ್ಲಿ ಹೇಳಬಹುದು. 72ನ್ನು ವರ್ಷದ ಬಡ್ಡಿದರದಿಂದ ಭಾಗಿಸಿದರೆ ಹಣ ಎರಡು ಪಟ್ಟಾಗಲು ಸುಮಾರು ಎಷ್ಟು ವರ್ಷ ಬೇಕೆಂದು ಸಿಗುತ್ತದೆ. ಶೇ. 6 ಬಡ್ಡಿಗೆ 12 ವರ್ಷ. ಶೇ. 8ಕ್ಕೆ 9. ಆಮೇಲೆ ಅದೇ ಲೆಕ್ಕವನ್ನು ತಿರುಗಿಸಿ ತೋರಿಸಿ: ವರ್ಷಕ್ಕೆ ಶೇ. 36 ಬಡ್ಡಿಯ ಸಾಲವನ್ನು ತೀರಿಸದೆ ಬಿಟ್ಟರೆ ಸುಮಾರು ಎರಡೇ ವರ್ಷದಲ್ಲಿ ಅದು ಎರಡು ಪಟ್ಟು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಡಬ್ಬಿಯಲ್ಲೇ ಕೂತ ದುಡ್ಡಿನ ಕೊಳ್ಳುವ ಶಕ್ತಿ 12 ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ. ದೊಡ್ಡ ಮೊತ್ತ ಡಬ್ಬಿಯಲ್ಲಿರದೆ ಖಾತೆಯಲ್ಲಿರಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉಪದೇಶ ಬೇಕಿಲ್ಲ.

ಉಪದೇಶದ ಬಗ್ಗೆಯೂ ಒಂದು ಮಾತು. ಹಣಕಾಸು ಶಿಕ್ಷಣ ಜನರ ನಡತೆಯನ್ನು ಎಷ್ಟು ಬದಲಿಸುತ್ತದೆ ಎಂದು 2014ರಲ್ಲಿ ಫರ್ನಾಂಡಿಸ್, ಲಿಂಚ್, ನೆಟೆಮೇಯರ್ ಎಂಬ ಮೂವರು ಹಿಂದಿನ 201 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಜನರ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ. 0.1ರಷ್ಟನ್ನು ಮಾತ್ರ ಅದು ವಿವರಿಸುತ್ತಿತ್ತು. 2022ರಲ್ಲಿ ಬಂದ, 76 ಪ್ರಯೋಗಗಳನ್ನು ಒಟ್ಟುಗೂಡಿಸಿದ ಇನ್ನೊಂದು ವಿಶ್ಲೇಷಣೆ ಅಷ್ಟು ನಿರಾಶರಾಗಬೇಕಿಲ್ಲ ಎಂದಿದೆ, ನಿಜ. ಆದರೂ ಮೊದಲಿನವರು ಕೊಟ್ಟ ಸಲಹೆ ನನಗೆ ಮನೆಯಲ್ಲಿ ಬಹಳ ಉಪಯೋಗಕ್ಕೆ ಬಂದಿದೆ: ನಿರ್ಧಾರ ಮಾಡುವ ಹೊತ್ತಿಗೆ ಹತ್ತಿರವಾಗಿ ಕಲಿಸಿ. ಭಾನುವಾರ ಕೂರಿಸಿ ಅರ್ಧ ಗಂಟೆ ಹೇಳುವುದಕ್ಕಿಂತ, ಮಗ ಏನೋ ಕೊಳ್ಳಲು ಹೊರಟಾಗ ‘ಇದಕ್ಕೆ ನಿನ್ನ ಎಷ್ಟು ವಾರದ ದುಡ್ಡು ಹೋಗುತ್ತದೆ?’ ಎಂದು ಕೇಳುವ ಒಂದು ಪ್ರಶ್ನೆ ಸಾಕು. ಉತ್ತರ ಅವನೇ ಹೇಳಲಿ. ಆಮೇಲೂ ಕೊಂಡರೆ ಕೊಳ್ಳಲಿ.

ಹದಿಮೂರರ ಹುಡುಗನಿಗೆ ಕೈಖರ್ಚಿನ ಜೊತೆಗೆ ಒಂದು ಜವಾಬ್ದಾರಿ ಕೊಡಿ. ಅವನದೇ ಯಾವುದಾದರೂ ಒಂದು ಬಾಬ್ತು, ಓಡಾಟದ ಖರ್ಚೋ ಬರೆಯುವ ಸಾಮಾನಿನದೋ, ಇಡೀ ತಿಂಗಳದ್ದನ್ನು ಒಂದನೇ ತಾರೀಖಿಗೇ ಅವನ ಕೈಗಿಡಿ. ಉಳಿದದ್ದು ಅವನದು, ಕೊರತೆಯೂ ಅವನದೇ. ಮೊದಲ ತಿಂಗಳು ಇಪ್ಪತ್ತರೊಳಗೆ ಖಾಲಿಯಾಗುತ್ತದೆ. ಆಗ ನಿಮ್ಮ ಕರುಳು ಚುರ್ ಎನ್ನುತ್ತದೆ, ಗುಟ್ಟಾಗಿ ಕೊಡಬೇಕೆನಿಸುತ್ತದೆ. ಕೊಡಬೇಡಿ. ಅವನ ಆರೋಗ್ಯಕ್ಕೂ ಓದಿಗೂ ಅಡ್ಡಿಯಾಗದ ಬಾಬ್ತನ್ನೇ ಆರಿಸಿದ್ದರೆ ಹತ್ತು ದಿನದ ಕಷ್ಟ ಅವನು ತಡೆದುಕೊಳ್ಳುತ್ತಾನೆ. ಮೊಬೈಲ್‌ನಲ್ಲೇ ಪಾವತಿಸುವವನಾದರೆ ಮೊದಲ ಕೆಲವು ತಿಂಗಳು ನಗದಿನಲ್ಲೇ ಕೊಡಿ. ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬಿಬ್ಬರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೆಡಿಟ್ ಕಾರ್ಡಿನಲ್ಲಿ ಕೊಡಬಹುದು ಎಂದಾಗ ಜನ ಅದೇ ವಸ್ತುವಿಗೆ ನಗದಿನವರಿಗಿಂತ ಬಹಳ ಹೆಚ್ಚು, ಕೆಲವೊಮ್ಮೆ ಎರಡು ಪಟ್ಟಿನವರೆಗೂ ಕೊಡಲು ಸಿದ್ಧರಿದ್ದರು. ನೋಟು ಕೈಬಿಟ್ಟು ಹೋಗುವಾಗ ಆಗುವ ಸಣ್ಣ ನೋವು ಅವನಿಗೂ ಗೊತ್ತಿರಬೇಕು.

ಮನೆಗೆಲಸಕ್ಕೆ ದುಡ್ಡು ಕೊಡಬೇಕೇ ಎಂದೂ ಕೇಳಿದ್ದೀರಿ. ನಾನು ಕೊಡುವುದಿಲ್ಲ. ಇಸ್ರೇಲಿನ ಹೈಫಾದ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ಗ್ನೀಜಿ ಮತ್ತು ರಸ್ಟಿಚಿನಿ ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಕೆಲವು ಕೇಂದ್ರಗಳಲ್ಲಿ ದಂಡ ಹಾಕಿದಾಗ ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು, ದಂಡ ತೆಗೆದ ಮೇಲೂ ಹಾಗೇ ಉಳಿದರು. ಸಂಕೋಚದಿಂದ ನಡೆಯುತ್ತಿದ್ದದ್ದಕ್ಕೆ ಬೆಲೆ ಕಟ್ಟಿದರೆ ಸಂಕೋಚ ಹೋಗಿಬಿಡುತ್ತದೆ. ತಟ್ಟೆ ತೊಳೆಯುವುದು ಮನೆಯವರಾಗಿರುವುದರ ಒಂದು ಭಾಗ. ಮನೆಯಲ್ಲಿ ಯಾರೂ ಮಾಡಲೇಬೇಕೆಂದಿಲ್ಲದ ಹೆಚ್ಚಿನ ಕೆಲಸಕ್ಕೆ ಕೂಲಿ ಕೊಡಿ, ಅದರಲ್ಲಿ ತಪ್ಪಿಲ್ಲ.

ಇನ್ನು ನಿಮ್ಮ ತಿಂಗಳ ಕೊನೆ. ಮಿಕ್ಕಿದ್ದನ್ನು ಉಳಿಸೋಣ ಎಂದು ಕಾದರೆ ಮಿಗುವುದಿಲ್ಲ, ನನಗೂ ಮಿಕ್ಕಿರಲಿಲ್ಲ. ಸಂಬಳ ಬಂದ ಮರುದಿನವೇ ಒಂದು ಸಣ್ಣ ಮೊತ್ತ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಅದು ಆದಾಯದ ನೂರರಲ್ಲಿ ಎರಡು ಪಾಲಾದರೂ ಸರಿ. ಸಂಬಳ ಏರಿದಾಗಲೆಲ್ಲ ಏರಿಕೆಯ ಒಂದು ಭಾಗವನ್ನು ಅದಕ್ಕೆ ಸೇರಿಸಿ. ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಅಮೆರಿಕದ ಕಂಪನಿಯೊಂದರ ನೌಕರರಿಗೆ ಇದೇ ಯೋಜನೆ ಕೊಟ್ಟಾಗ, ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಕೈಗೆ ಬರುವ ಸಂಬಳ ಇಳಿಯದೆ ಇದ್ದದ್ದರಿಂದ ಯಾರಿಗೂ ಅದು ಅಷ್ಟಾಗಿ ತಟ್ಟಲಿಲ್ಲ. ಮೊದಲ ಗುರಿ ಒಂದು ತಿಂಗಳ ಮನೆಖರ್ಚು ಎಂದಿಟ್ಟುಕೊಳ್ಳಿ. ಮೂರರಿಂದ ಆರು ತಿಂಗಳದ್ದು ಇರಬೇಕೆಂಬ ಮಾತನ್ನು ಆಮೇಲೆ ನೋಡೋಣ. ಮೈಮೇಲೆ ದುಬಾರಿ ಬಡ್ಡಿಯ ಸಾಲವಿದ್ದರೆ ಆ ಒಂದು ತಿಂಗಳದ್ದು ಕೂಡಿದ ಕೂಡಲೇ ಸಾಲದ ಕಡೆ ತಿರುಗಿ. ಆ ಒಂದು ತಿಂಗಳ ಹಣ ಬೇರೆ ಇದ್ದರೆ ಮಗಳ ಡಬ್ಬಿಗೆ ಕೈಹಾಕುವ ಪರಿಸ್ಥಿತಿಯೇ ಬರುವುದಿಲ್ಲ.

ಮಕ್ಕಳ ಎದುರು ‘ದುಡ್ಡಿಲ್ಲ’ ಎಂಬ ಮಾತನ್ನು ಜೋಪಾನವಾಗಿ ಬಳಸಿ. ಬೆಳಿಗ್ಗೆ ಆಟಿಕೆಗೆ ದುಡ್ಡಿಲ್ಲ ಎಂದು ಸಂಜೆ ನಮಗೊಂದು ವಸ್ತು ಕೊಂಡರೆ ಮಗು ಎರಡನ್ನೂ ನೋಡುತ್ತಿರುತ್ತದೆ. ‘ಈ ತಿಂಗಳು ಇದಕ್ಕೆ ಎತ್ತಿಟ್ಟಿಲ್ಲ, ಮುಂದಿನ ತಿಂಗಳು ಯೋಚಿಸೋಣ’ ಎನ್ನಿ. ಮುಂದಿನ ತಿಂಗಳು ಅವಳು ನೆನಪಿಸುವ ಮೊದಲೇ ನೀವೇ ಆ ಮಾತೆತ್ತಿ, ಉತ್ತರ ಆಗಲೂ ಇಲ್ಲ ಎಂದೇ ಇದ್ದರೂ. ನಿಜಕ್ಕೂ ಕೈಯಲ್ಲಿ ಇಲ್ಲದಿದ್ದರೆ ಅದನ್ನೂ ನೇರವಾಗಿ ಹೇಳಿ, ಜೊತೆಗೆ ಯಾವುದು ಭದ್ರವಾಗಿದೆ ಎಂಬುದನ್ನೂ ಹೇಳಿ.

ನನ್ನ ಮಗಳ ಡಬ್ಬಿಗೆ ಮತ್ತೆ ನಾಣ್ಯ ಬೀಳಲು ಸುಮಾರು ಏಳು ತಿಂಗಳಾಯಿತು. ಈಗ ಅವಳಿಗೆ ಹದಿನಾರು. ಹೋದ ವರ್ಷ ನನಗೆ ಒಂದು ವಾರದ ಮಟ್ಟಿಗೆ ದುಡ್ಡು ಬೇಕಾದಾಗ ಅವಳನ್ನೇ ಕೇಳಿದೆ. ‘ಯಾವತ್ತು ಕೊಡ್ತೀಯಮ್ಮ?’ ಎಂದಳು. ಗುರುವಾರ ಎಂದೆ. ಚೀಟಿಯಲ್ಲಿ ಗುರುವಾರ ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡು, ಆಮೇಲೆ ಎಣಿಸಿ ಕೊಟ್ಟಳು. ಬುಧವಾರ ರಾತ್ರಿಯೇ ವಾಪಸ್ ಹಾಕಿದೆ.