ಕಾಲಂ ಕೊಳ್ಳುವ ಮುನ್ನ ಫ್ಲಾಸ್ಕ್ ನೋಡಿ

20 ಮಿ.ಗ್ರಾಂ ರಾಬೆಪ್ರಜೋಲ್ ಮತ್ತು 30 ಮಿ.ಗ್ರಾಂ ಡಾಂಪೆರಿಡೋನ್ ಇರುವ ಕ್ಯಾಪ್ಸೂಲ್‌ಗೆ ಎಚ್‌ಪಿಎಲ್‌ಸಿ (ದ್ರಾವಣದಲ್ಲಿನ ಔಷಧಗಳನ್ನು ಬೇರ್ಪಡಿಸಿ ಅಳೆಯುವ ತಂತ್ರ) ವಿಧಾನ ರೂಪಿಸುತ್ತಿದ್ದೀರಿ. ಪೀಕ್‌ಗಳು, ಅಂದರೆ ಗ್ರಾಫ್‌ನಲ್ಲಿ ಒಂದೊಂದು ಔಷಧ ಮೂಡಿಸುವ ಶಿಖರಗಳು, ಚೆನ್ನಾಗಿ ಬೇರ್ಪಡುತ್ತಿವೆ. ಆದರೆ ಅಳತೆಯಲ್ಲಿ ಡಾಂಪೆರಿಡೋನ್ ಇರಬೇಕಾದ ಪ್ರಮಾಣದ ಶೇ. 92 ದಾಟುತ್ತಿಲ್ಲ, ರಾಬೆಪ್ರಜೋಲ್ ಬೆಳಿಗ್ಗೆ ಇದ್ದಷ್ಟು ಸಂಜೆಗೆ ಉಳಿಯುತ್ತಿಲ್ಲ, ಹೊಸ ಕಾಲಂ (ಔಷಧಗಳನ್ನು ಬೇರ್ಪಡಿಸುವ ಕೊಳವೆ) ತರಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ತರಿಸಬೇಡಿ. ಬೇರ್ಪಡಿಕೆ ಸರಿಯಿರುವಾಗ ಮೊದಲು ಅನುಮಾನಿಸಬೇಕಾದದ್ದು ಮಾದರಿ ತಯಾರಿಕೆಯನ್ನು.

ಈ ಎರಡು ಔಷಧಗಳ ಸ್ವಭಾವ ಎದುರುಬದುರು. ರಾಬೆಪ್ರಜೋಲ್ ಆಮ್ಲ ತಾಕಿದೊಡನೆ ಒಡೆಯುತ್ತದೆ, ಕ್ಷಾರದಲ್ಲಿ ಮಾತ್ರ ನೆಮ್ಮದಿಯಾಗಿರುತ್ತದೆ. ಡಾಂಪೆರಿಡೋನ್ ದುರ್ಬಲ ಪ್ರತ್ಯಾಮ್ಲ, ಪಿಕೆಎ (ಅರ್ಧ ಭಾಗ ಅಯಾನು ರೂಪದಲ್ಲಿರುವ ಪಿಎಚ್) ಸುಮಾರು 7.9; ಕ್ಷಾರೀಯ ನೀರಿನಲ್ಲಿ ಅದು ಕರಗುವುದೇ ಕಷ್ಟ. ನೀವು ಪಿಎಚ್ 6.8ರ ಮೊಬೈಲ್ ಫೇಸನ್ನೇ (ಕಾಲಂ ಮೂಲಕ ಹರಿಯುವ ದ್ರವವನ್ನೇ) ಮಾದರಿ ಕರಗಿಸಲೂ ಬಳಸಿದ್ದೀರಿ. ಕಾಲಂನೊಳಗಿನ ಹತ್ತು ನಿಮಿಷಕ್ಕೆ ಅದು ಸಾಕು, ವಯಲ್‌ನಲ್ಲಿ (ಮಾದರಿಯ ಪುಟ್ಟ ಶೀಶೆಯಲ್ಲಿ) ಕಾಯುವ ಎಂಟು ಗಂಟೆಗೆ ಸಾಲದು.

ನಾನಾದರೆ ಹೀಗೆ ಮಾಡುತ್ತೇನೆ. ಕ್ಯಾಪ್ಸೂಲ್‌ನೊಳಗಿನ ಎರಡು ಬಗೆಯ ಪೆಲೆಟ್‌ಗಳು (ಔಷಧದ ಸಣ್ಣ ಗುಳಿಗೆಗಳು) ಒಂದೇ ಗಾತ್ರದವಲ್ಲ, ಚಮಚದಲ್ಲಿ ತೆಗೆದರೆ ಪ್ರಮಾಣ ಏರುಪೇರಾಗುತ್ತದೆ. ಆದ್ದರಿಂದ ಐದು ಕ್ಯಾಪ್ಸೂಲ್‌ಗಳ ಪೂರ್ತಿ ಒಳತಿರುಳನ್ನು 250 ಮಿ.ಲೀ. ಕಂದು ಫ್ಲಾಸ್ಕ್‌ಗೆ ಹಾಕಿ. ರಾಬೆಪ್ರಜೋಲ್‌ಗೆ ಬೆಳಕೂ ಆಗದು. ಮೊದಲು 25 ಮಿ.ಲೀ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಎಂಟೆರಿಕ್ ಲೇಪ (ಹೊಟ್ಟೆಯ ಆಮ್ಲದಲ್ಲಿ ಕರಗದ ಹೊದಿಕೆ) ಕರಗುವವರೆಗೆ ಅಲುಗಾಡಿಸಿ. ನಂತರವೇ 150 ಮಿ.ಲೀ. ಮೆಥನಾಲ್. ಈ ಕ್ರಮ ತಿರುಗಿಸಬೇಡಿ. ಆಮೇಲೆ ಸೋನಿಕೇಟರ್ (ಶಬ್ದತರಂಗದಿಂದ ಕಲಕುವ ನೀರಿನ ತೊಟ್ಟಿ); ಅದರ ನೀರು ಬಿಸಿಯಾಗುತ್ತದೆ, ಮಂಜುಗಡ್ಡೆ ಹಾಕಿ ಫ್ಲಾಸ್ಕನ್ನು 20 ನಿಮಿಷ ಇಡಿ. ತಣಿದ ಮೇಲೆ ಮೆಥನಾಲ್‌ನಿಂದ ಗುರುತಿನವರೆಗೆ ತುಂಬಿಸಿ. ಮುಂದೆ ಹತ್ತು ಪಟ್ಟು ತೆಳುಗೊಳಿಸಿದರೆ ಪ್ರತಿ ಮಿ.ಲೀ.ಗೆ ರಾಬೆಪ್ರಜೋಲ್ 40, ಡಾಂಪೆರಿಡೋನ್ 60 ಮೈಕ್ರೋಗ್ರಾಂ ಸಿಗುತ್ತದೆ. ಆ ದ್ರಾವಣದಲ್ಲಿ ಮೆಥನಾಲ್ ಅರ್ಧಕ್ಕಿಂತ ಕಡಿಮೆಯಾಗದಿರಲಿ, ಉಳಿದದ್ದು ಪಿಎಚ್ 9ರ ಬಫರ್ ಆಗಿರಲಿ. ವಯಲ್‌ಗಳು ಸರದಿ ಕಾಯುವ ಆಟೋಸ್ಯಾಂಪ್ಲರ್ ತಂಪಾಗಿರಲಿ. ಅಳೆಯುವ ಬೆಳಕಿನ ತರಂಗಾಂತರ 285 ನ್ಯಾನೋಮೀಟರ್ ಎರಡಕ್ಕೂ ಹೊಂದುತ್ತದೆ, ಅದನ್ನು ಬದಲಿಸಬೇಕಿಲ್ಲ.

ಫಿಲ್ಟರ್ ಬಗ್ಗೆ ನೀವು ಏನೂ ಬರೆದಿಲ್ಲ. ಇಂಥದೇ ಕೊರತೆಗಾಗಿ ನಾನು ಎರಡು ವಾರ ಪಂಪ್, ಕಾಲಂ, ಬಫರ್ ಎಲ್ಲವನ್ನೂ ಶೋಧಿಸಿದ್ದೆ; ಔಷಧವನ್ನು ಹಿಡಿದಿಟ್ಟುಕೊಂಡಿದ್ದು ನೈಲಾನ್ ಫಿಲ್ಟರ್. ಸ್ಟ್ಯಾಂಡರ್ಡ್ ದ್ರಾವಣವನ್ನೇ (ಸಾಂದ್ರತೆ ಗೊತ್ತಿರುವ ಔಷಧ ದ್ರಾವಣ) ಸೋಸಿ, ಸೋಸದೆ ಎರಡೂ ರೀತಿ ಇಂಜೆಕ್ಟ್ ಮಾಡಿ ಹೋಲಿಸಿ. ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ನ ಫಿಲ್ಟರ್ ಬಳಸಿ, ಸೋಸಿ ಬಂದ ಮೊದಲ 5 ಮಿ.ಲೀ. ಚೆಲ್ಲುವುದು ನನ್ನ ರೂಢಿ.

ಇದು ಸರಿಹೋಗುವವರೆಗೆ ವ್ಯಾಲಿಡೇಶನ್‌ಗೆ (ವಿಧಾನ ನಂಬಲರ್ಹವೆಂದು ಸಾಬೀತುಪಡಿಸುವ ಕೆಲಸಕ್ಕೆ) ಕೈಹಾಕಬೇಡಿ. ಆಮೇಲೆ ವ್ಯಾಲಿಡೇಶನ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ2 ಹೇಳುವಂತೆ ಕನಿಷ್ಠ ಐದು ಸಾಂದ್ರತೆಗಳಲ್ಲಿ ಲೀನಿಯಾರಿಟಿ (ಸಾಂದ್ರತೆಗೆ ತಕ್ಕಂತೆ ಪೀಕ್ ಬೆಳೆಯುತ್ತದೆಯೇ ಎಂಬ ಪರೀಕ್ಷೆ), ಪ್ಲಾಸಿಬೊಗೆ (ಔಷಧವಿಲ್ಲದ ಮಿಶ್ರಣಕ್ಕೆ) ಔಷಧ ಬೆರೆಸಿ ಶೇ. 80, 100, 120ರಲ್ಲಿ ಮೂರು ಮೂರು ಸಲ ರಿಕವರಿ (ಹಾಕಿದ್ದರಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂಬ ಲೆಕ್ಕ). ದ್ರಾವಣದ ಸ್ಥಿರತೆಯನ್ನು 0, 4, 8, 12, 24 ಗಂಟೆಗಳಲ್ಲಿ ನೋಡಿ. ಒಂದು ಸರಣಿಯಲ್ಲಿ ಎಷ್ಟು ವಯಲ್ ಇಡಬಹುದು ಎಂಬುದು ಅದರಿಂದಲೇ ತಿಳಿಯುತ್ತದೆ. ಬಲವಂತದ ವಿಘಟನೆಯಲ್ಲಿ (ಔಷಧವನ್ನು ಬೇಕೆಂದೇ ಒಡೆದು ನೋಡುವ ಪರೀಕ್ಷೆಯಲ್ಲಿ) ಆಮ್ಲದ ಭಾಗಕ್ಕೆ ಎಚ್ಚರ: ರಾಬೆಪ್ರಜೋಲ್ ಬಣ್ಣ ತಿರುಗಲು ನಿಮಿಷಗಳು ಸಾಕು. ಶೇ. 5ರಿಂದ 20ರಷ್ಟು ಒಡೆದ ಹಂತದಲ್ಲೇ ಕ್ಷಾರ ಹಾಕಿ ನಿಲ್ಲಿಸಿ, ಪೂರ್ತಿ ನಾಶವಾದ ಮಾದರಿಯಿಂದ ಏನೂ ಕಲಿಯಲಾಗದು.

ಇವೆಲ್ಲಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಈಗಿನ ಫ್ಲಾಸ್ಕ್‌ನ ತಳದಲ್ಲಿ ಉಳಿದ ಗಸಿಯನ್ನು ಮಾದರಿ ಕರಗಿಸಲು ಬಳಸಿದ ಅದೇ ದ್ರವದಿಂದ ಒಮ್ಮೆ ತೊಳೆದು, ಸ್ವಲ್ಪ ಆಮ್ಲ ಬೆರೆಸಿದ ಮೆಥನಾಲ್‌ನಲ್ಲಿ ಕಲಕಿ, ಸೋಸದೆ ಸೆಂಟ್ರಿಫ್ಯೂಜ್ ಮಾಡಿ ಇಂಜೆಕ್ಟ್ ಮಾಡಿ. ಡಾಂಪೆರಿಡೋನ್ ಪೀಕ್ ಬಂದರೆ ಕಾಣೆಯಾದ ಶೇ. 8 ಅಲ್ಲೇ ಕುಳಿತಿದೆ. ಬಾರದಿದ್ದರೆ ಫಿಲ್ಟರ್ ಹೋಲಿಕೆಯ ಅಂಕಿಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ.